ಬುಡ್ಡಿ ಡಾಕ್ಟರ ತಲೆಯ ಮೇಲಿನ ಮೋಡ

ನಾನು ಓದಿದ ಮೊದಲ ಇಂಗ್ಲಿಷ್ ಪುಸ್ತಕ ಪಠ್ಯಪುಸ್ತಕವಲ್ಲ. ಪಠ್ಯವನ್ನು ಉರು ಹೊಡೆಯುತ್ತಿದ್ದೆ. ಉರು ಹೊಡೆಯುವುದಕ್ಕೆ ಓದು ಅಂತ ಹೆಸರಿಡಲು ನನಗೆ ಮನಸ್ಸಿಲ್ಲ. ಮುಂದೇನಾಯಿತು ಅನ್ನುವ ಆಸೆಗೆ ಬಿದ್ದು, ಒಂದೊಂದು ಮಾತಿನ ಜೊತೆಗೂ ಗುದ್ದಾಡಿ ಓದಿದ್ದು ಒಂದು ಬಣ್ಣದ ಚಿತ್ರಕಥೆ. ಅಮೆರಿಕದ್ದು. ಅದಕ್ಕೆ ಹೊದಿಕೆ ಇರಲಿಲ್ಲ, ಕೊನೆಯೂ ಇರಲಿಲ್ಲ. ಆಮೇಲೆ ನಾನು ಮೈಸೂರಿಗೆ ಹೋಗಿ ಬಿ.ಎ. ಮಾಡಿದೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟಿನ ಬದಲು ರುಜು ಹಾಕಿದವನೇ ನಾನು ಮೊದಲು, ಬಿ.ಎ. ಅಂತೂ ದೂರದ ಮಾತು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಅಷ್ಟೆಲ್ಲ ಓದಿದ ಮೇಲೂ, ಪುಸ್ತಕ ಅಂದರೆ ಮೊದಲು ಕಣ್ಣಿಗೆ ಬರುವುದು ಆ ಹರಿದ ಚಿತ್ರಕಥೆಯೇ.

ಯುದ್ಧದ ಕಾಲ. ಹಾಸನದಲ್ಲಿ ನಮ್ಮಂಥ ಹಳ್ಳಿಯ ಹುಡುಗರಿಗೆಂದು ನಡೆಯುತ್ತಿದ್ದ ಒಂದು ಹಾಸ್ಟೆಲಿನಲ್ಲಿದ್ದೆ, ಹೈಸ್ಕೂಲಿನ ಕೊನೆಯ ವರ್ಷ. ಒಂದು ಕೋಣೆಗೆ ನಾಲ್ವರು. ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರು ಹಿಡಿದು ಕರೆಯುತ್ತಿದ್ದೆವು. ಒಬ್ಬ ಚನ್ನರಾಯಪಟ್ಟಣ; ಅವನದು ಕೊಬ್ಬರಿ ವ್ಯಾಪಾರದ ಶಿವಾಚಾರದ ಮನೆ. ಒಬ್ಬ ಹೊಳೆನರಸೀಪುರ, ಒಬ್ಬ ಅರಕಲಗೂಡು. ನನ್ನದು ಕಟ್ಟಾಯದಿಂದ ಇನ್ನೂ ಒಳಗಿನ ಹಳ್ಳಿಯಾದರೂ, ಹಳ್ಳಿಯ ಹೆಸರು ಯಾರಿಗೂ ಗೊತ್ತಿಲ್ಲದ್ದರಿಂದ ನಾನು ಕಟ್ಟಾಯ.

ಚನ್ನರಾಯಪಟ್ಟಣದವನ ಸೋದರಮಾವ ಬೆಂಗಳೂರು ದಂಡಿನಲ್ಲಿ ಮಿಲಿಟರಿ ಲಾರಿ ಓಡಿಸುತ್ತಿದ್ದ. ರಜೆಗೆ ಬಂದವನು ಅಳಿಯನಿಗೆ ಅಂತ ಹಳೆಯ ಬೂಟ್ಸು ತಂದುಕೊಟ್ಟ. ಬೂಟ್ಸು ಸುತ್ತಿದ್ದ ಕಾಗದವೇ ಆ ಚಿತ್ರಕಥೆ. ಬೂಟ್ಸು ಅವನ ಕಾಲಿಗೆ ಆಗಲಿಲ್ಲ. ಕಾಗದ ನಮ್ಮ ನಾಲ್ವರಿಗೂ ಆಯಿತು. ಕೊನೆಯ ಹಾಳೆಗಳನ್ನು ಮಾವ ದಾರಿಯಲ್ಲಿ ಬೀಡಿ ಹಚ್ಚಲು ಹರಿದುಕೊಂಡಿದ್ದನಂತೆ.

ಕಥೆ ಇಷ್ಟು. ಗುಡ್ಡದ ಮೇಲೊಂದು ಗಾಜಿನ ಮನೆ. ಅದರಲ್ಲೊಬ್ಬ ವಿಜ್ಞಾನಿ: ಬೋಳುತಲೆ, ದುಂಡನೆಯ ಕಪ್ಪು ಕನ್ನಡಕ, ಮೊಣಕಾಲಿನ ತನಕ ಬಿಳಿ ಅಂಗಿ. ಸುತ್ತ ಕೆಂಪು, ಹಸಿರು, ಹಳದಿ ನೀರು ಕುದಿಯುವ ಬುಡ್ಡಿಗಳು. ಅದಕ್ಕೇ ಅವನನ್ನು ಬುಡ್ಡಿ ಡಾಕ್ಟ್ರು ಅನ್ನುತ್ತಿದ್ದೆವು. ಗುಡ್ಡದ ಕೆಳಗೆ ಒಂದು ಊರು. ಆಕಾಶದಲ್ಲಿ ಒಂದು ಹಸಿರು ನಕ್ಷತ್ರ, ಪುಟ ತಿರುವಿದಂತೆಲ್ಲ ದೊಡ್ಡದಾಗುತ್ತ ಬರುತ್ತದೆ. ಡಾಕ್ಟ್ರು ಊರಿಗಿಳಿದು ಒಬ್ಬೊಬ್ಬರಿಗೇ ಸೂಜಿ ಚುಚ್ಚುತ್ತಾನೆ. ಚುಚ್ಚಿಸಿಕೊಂಡವರ ಕಣ್ಣು ಬೆಳ್ಳಗಾಗುತ್ತದೆ. ಯಾರೂ ಕರೆಯದೆ ಅವರು ಸಾಲಾಗಿ ಗುಡ್ಡ ಹತ್ತುತ್ತಾರೆ. ನಮ್ಮಲ್ಲಿದ್ದ ಕಡೆಯ ಪುಟದಲ್ಲಿ ಒಬ್ಬ ಹುಡುಗಿ ತೋಳು ನೀಡಿ ನಿಂತಿದ್ದಾಳೆ. ಡಾಕ್ಟ್ರ ಬಾಯಿಂದ ಬಾಲದಂತೆ ಹೊರಟ ಗುಳ್ಳೆಯೊಳಗೆ ಒಂದು ಇಂಗ್ಲಿಷ್ ಮಾತು: ಏನೂ ಆಗಲ್ಲ ಅನ್ನುವ ಅರ್ಥದ್ದು. ಅವನ ತಲೆಯ ಮೇಲೆ ಮೋಡದ ಹಾಗೆ ಅಂಚು ಉಬ್ಬಿದ ಇನ್ನೊಂದು ಗುಳ್ಳೆ. ಅದರೊಳಗೆ, ‘ಇವರಿಗೆ ನಿಜ ಗೊತ್ತಾದರೆ’ ಅನ್ನುವಷ್ಟು. ಉಳಿದದ್ದು ಹರಿದುಹೋಗಿತ್ತು.

ಏನಾಗುತ್ತದೆ ನಿಜ ಗೊತ್ತಾದರೆ? ಅವನು ಸೂಜಿ ಚುಚ್ಚುವುದು ಯಾಕೆ? ಭಾನುವಾರ ಬಟ್ಟೆ ಒಗೆದು ಒಣಹಾಕಿ ಜಗಲಿಯಲ್ಲಿ ಕೂತರೆ ನಮಗೆ ಇದೇ ಮಾತು.

ಮೊದಲು ನಾವು ಮಾಡಿಕೊಂಡ ತಪ್ಪನ್ನು ಹೇಳಬೇಕು. ಮೋಡದ ಗುಳ್ಳೆ ಅಂದರೆ ಮನಸ್ಸಿನ ಮಾತು ಎಂದು ನಮಗೆ ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ? ಅದರಿಂದ ಕೆಳಕ್ಕೆ ಸಣ್ಣ ಸಣ್ಣ ಗುಳ್ಳೆಗಳು ಇಳಿದಿದ್ದವು, ಬುಡ್ಡಿಗಳಿಂದಲೂ ಅಂಥವೇ ಗುಳ್ಳೆಗಳು ಏಳುತ್ತಿದ್ದವು. ಆದ್ದರಿಂದ ಅದು ಬುಡ್ಡಿಯಿಂದೆದ್ದ ಹಬೆ, ಹಬೆಯೇ ಮಾತಾಡುತ್ತಿದೆ ಎಂದುಕೊಂಡೆವು.

“ಅವನ್ದೇನೂ ತೆಪ್ಪಿಲ್ಲ ಕಣ್ಲಾ,” ಅನ್ನುತ್ತಿದ್ದ ಅರಕಲಗೂಡಿನವನು. “ಬುಡ್ಡಿ ಒಳ್ಗೆ ಗಾಳಿ ಕೂಡಾಕವ್ನೆ. ಅದು ಈಚೆಗ್ ಬಂದು ಅವನ್ ತಲೆ ಮ್ಯಾಲೆ ಕೂತ್ಕಂಡೈತೆ. ಬಾಯಾಗ್ ಒಂದು ಅವ್ನ್ ಯೋಳ್ತಾನೆ, ಮ್ಯಾಲಿಂದ ಇನ್ನೊಂದು ಅದು ಯೋಳ್ತೈತೆ. ನಮ್ಮಜ್ಜೀಗೂ ಇಂಗೇ ಆಗಿತ್ತು.”

“ನಿಮ್ಮಜ್ಜಿ ಇಂಗ್ಲೀಸಲ್ಲಿ ಯೋಳ್ತಿತ್ತೇನ್ಲಾ?” ಎಂದು ಚನ್ನರಾಯಪಟ್ಟಣದವನು ಛೇಡಿಸುತ್ತಿದ್ದ. ಅವನದು ವ್ಯಾಪಾರದ ಲೆಕ್ಕ. “ಗಾಳೀನೂ ಇಲ್ಲ ಗೀಳೀನೂ ಇಲ್ಲ. ರೋಗ ಬುಡೋನೂ ಅವ್ನೇ, ಮದ್ದು ಮಾರೋನೂ ಅವ್ನೇ. ಕೊನೇ ಹಾಳೇಲಿ ಅಂಗಡಿ ಇಕ್ಕಿರ್ತಾನೆ, ನೋಡ್ತಿರು.”

ಹೊಳೆನರಸೀಪುರದವನು ಮಾತ್ರ ಡಾಕ್ಟ್ರ ಪಕ್ಷ. ಮೆತ್ತಗಿನ ಹುಡುಗ, ಹೇಮಾವತಿ ದಂಡೆಯಲ್ಲಿ ಹುಟ್ಟಿ ಬೆಳೆದವನು, ಆದರೂ ನೀರೆಂದರೆ ಹೆದರುತ್ತಿದ್ದ. “ಆ ಹಸ್ರು ನಕ್ಷತ್ರ ಮರೀಬ್ಯಾಡ್ರೋ. ಅದು ಬಂದ್ ಬಿದ್ರೆ ಊರೆಲ್ಲಾ ಬೂದಿ. ಸೂಜಿ ಆಕಿಸ್ಕಂಡೋರು ಗುಡ್ಡ ಅತ್ತಿ ಉಳ್ಕತಾರೆ. ನಿಜ ಯೋಳುದ್ರೆ ಎದ್ರಿ ಓಡೋಯ್ತಾರೆ, ಅದುಕ್ಕೇ ಯೋಳಿಲ್ಲ. ಅವ್ನು ಒಳ್ಳೇವ್ನು.”

“ಒಳ್ಳೇವ್ನಾದ್ರೆ ಜನದ ಕಣ್ಣು ಯಾಕ್ಲಾ ಬೆಳ್ಳಗಾಯ್ತವೆ?” ಅನ್ನುತ್ತಿದ್ದ ಚನ್ನರಾಯಪಟ್ಟಣದವನು.

ನಾನು ಯಾವ ಪಕ್ಷವನ್ನೂ ಸೇರದೆ, ಒಂದೊಂದು ಚೌಕವನ್ನೂ ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದೆ. ಹಾಗೆ ನೋಡುವಾಗಲೇ ನಾಯಿ ಸಿಕ್ಕಿತು. ಒಂದು ಚೌಕದ ಮೂಲೆಯಲ್ಲಿ, ಕಟುಕರಂಗಡಿಯ ಮುಂದೆ ಒಂದು ನಾಯಿ. ಅದರ ತಲೆಯ ಮೇಲೂ ಮೋಡದ ಗುಳ್ಳೆ. ಮೋಡದೊಳಗೆ ಒಂದು ಮೂಳೆ. ಅಲ್ಲಿ ಬುಡ್ಡಿಯೂ ಇಲ್ಲ, ಹಬೆಯೂ ಇಲ್ಲ.

“ನಾಯೀಗೆ ಬಾಯಿ ಬರಲ್ಲ,” ಅಂದೆ. “ಮನಸ್ಸು ಬತ್ತೈತೆ. ಅದು ಮೂಳೆ ನೆನೀತಾ ಐತೆ. ಮೋಡ ಅಂದ್ರೆ ಮನ್ಸಲ್ಲಿರೋದು.”

“ನಾಯೀಗೂ ಗಾಳಿ ಮೆಟ್ಟಿರ್ಬೋದಲ್ಲ,” ಅಂದ ಅರಕಲಗೂಡು. ಆದರೆ ದನಿಯಲ್ಲಿ ಕಸುವಿರಲಿಲ್ಲ.

ನಾನು ಗೆದ್ದಿದ್ದೆ, ಗೆದ್ದದ್ದು ನನಗೇ ಹಿತವಾಗಲಿಲ್ಲ. ಗಾಳಿಯಾದರೆ ಬಿಡಿಸಬಹುದು. ಬೇವಿನ ಸೊಪ್ಪು, ಮೆಣಸಿನಕಾಯಿ ಹೊಗೆ, ಏನಾದರೊಂದು ಉಂಟು. ಗಾಳಿಯಿಲ್ಲ ಎಂದ ಮೇಲೆ ಬಾಯಲ್ಲಿ ಒಂದು, ಒಳಗೆ ಇನ್ನೊಂದು ಹೇಳುವವನು ಅವನೇ. ಅಂಥವನಿಗೆ ಯಾವ ಹೊಗೆ ಹಾಕುವುದು? ಅಂದಿನಿಂದ ನನಗೊಂದು ಚಟ ಹತ್ತಿತು. ವಾರ್ಡನ್ನು, ಮೇಷ್ಟ್ರು, ಅಡುಗೆ ಭಟ್ಟರು, ಯಾರು ಮಾತಾಡಿದರೂ ಅವರ ತಲೆಯ ಮೇಲಕ್ಕೆ ಕಣ್ಣು ಹೋಗುತ್ತಿತ್ತು.

ಆ ದಿನಗಳಲ್ಲೇ ಊರಿಂದ ಹೇಳಿಕೆ ಬಂತು. ಸಂತೆಗೆ ಬಂದ ನಮ್ಮೂರ ಗಾಡಿಯವನು ಹಾಸ್ಟೆಲಿನ ಗೇಟಿನಾಚೆಯೇ ನಿಂತು ಕೂಗಿದ. ಒಳಗೆ ಬಾ ಅಂದರೆ ಬರಲಿಲ್ಲ.

“ಇಲಿ ಬಿದ್ದವೆ ಕಣಪ್ಪಾ.”

ನಮ್ಮ ಕಡೆ ಈ ಎರಡು ಮಾತು ಸಾಕು. ಪ್ಲೇಗು ಎಂದು ಬಾಯಿಬಿಟ್ಟು ಹೇಳಬೇಕಿಲ್ಲ. ಇಲಿ ಬಿದ್ದರೆ ಊರು ಬಿಡಬೇಕು, ಹೊಲದಲ್ಲಿ ಗುಡ್ಲು ಹಾಕಿಕೊಳ್ಳಬೇಕು. ಊರಾಚೆ ಇರುವ ಮಕ್ಕಳಿಗೆ ಬರಬೇಡ ಎಂದು ಹೇಳಿಕಳಿಸುವುದು ವಾಡಿಕೆ. ಗಾಡಿಯವನು ಹೇಳಿದ್ದು ಬೇರೆ.

“ನಿಮ್ಮಪ್ಪ ಬಾ ಅಂತ ಯೋಳವ್ನೆ. ಬೇಗ್ನೆ ಬರ್ಬೇಕಂತೆ.”

ಬಾ ಅಂದದ್ದೇ ನನಗೆ ಭಯ. ಬಟ್ಟೆಚೀಲಕ್ಕೆ ಒಂದು ಪಂಚೆ ಹಾಕಿಕೊಂಡೆ. ಯಾಕೋ, ಆ ಚಿತ್ರಕಥೆಯನ್ನೂ ಹಾಕಿಕೊಂಡೆ. ಗಾಡಿ ಕಟ್ಟಾಯ ದಾಟಿದ ಮೇಲೆ ದಾರಿಯಲ್ಲಿ ಎದುರಿಗೆ ಒಬ್ಬರೂ ಸಿಕ್ಕಲಿಲ್ಲ. ಊರಮುಂದೆ ಹೊಗೆಯಾಡುತ್ತಿರಲಿಲ್ಲ, ಕೋಳಿ ಕೂಗುತ್ತಿರಲಿಲ್ಲ. ಮನೆಗಳ ಬಾಗಿಲೆಲ್ಲ ಹಾರುಹೊಡೆದಿದ್ದವು. ಹೆಂಚು ತೆಗೆದು ಬಿಸಿಲು ಬೀಳಲು ಬಿಟ್ಟಿದ್ದ ಮಾಡುಗಳು ಬಾಯಿ ತೆರೆದುಕೊಂಡಂತಿದ್ದವು. ಹೊಲದ ಕಡೆ ತಿರುಗಿದರೆ ಸೋಗೆಯ ಗುಡ್ಲುಗಳ ಸಾಲು. ಊರಿಗೆ ಊರೇ ಅಲ್ಲಿ ಬಗ್ಗಿ ಕೂತಿತ್ತು.

ಅಪ್ಪ ನನ್ನನ್ನು ಕರೆಸಿದ್ದು ಅಕ್ಕನ ಸಲುವಾಗಿ. ಅಕ್ಕ ಚೊಚ್ಚಲ ಬಸುರಿ, ಹೆರಿಗೆಗೆ ತೌರಿಗೆ ಬಂದಿದ್ದಳು. ಗಂಡನ ಊರು ಅರಕಲಗೂಡಿನ ಕಡೆ. ಇಲಿ ಬಿದ್ದ ಊರಿನವರನ್ನು ಅಲ್ಲಿ ಗಡಿಯಲ್ಲೇ ತಡೆದು ಹಿಂದಕ್ಕೆ ಕಳಿಸುತ್ತಿದ್ದರು. ಆದ್ದರಿಂದ ಅವಳನ್ನು ಎಲ್ಲಿಗೂ ಸಾಗಿಸುವಂತಿರಲಿಲ್ಲ. ಅವಳು ಮಲಗುತ್ತಿದ್ದ ಕೋಣೆಯಲ್ಲಿ, ತಲೆದೆಸೆಗಿದ್ದ ರಾಗಿ ತುಂಬುವ ವಾಡೆಯ ಹಿಂದೆಯೇ ಮೊದಲ ಇಲಿ ಬಿದ್ದಿತ್ತು. ಅದರ ಮೇಲೆ ಹಾಸನದಿಂದ ಸೂಜಿ ಹಾಕುವ ಡಾಕ್ಟರು ಬಂದು ಹುಣಸೆಮರದ ಕೆಳಗೆ ಮೇಜು ಹಾಕಿದ್ದರು. ಹಾಕಿಸಬೇಕೋ ಬೇಡವೋ, ಅದೇ ಮಾತು.

“ನೀನ್ ಓದ್ದೋನು,” ಅಂದ ಅಪ್ಪ. “ಒಂದು ಜೀವ ಆಗಿದ್ರೆ ನಾನೇ ಯೋಚ್ನೆ ಮಾಡ್ತಿದ್ದೆ. ಎಲ್ಡು ಜೀವ. ಓಗಿ ಅವನ್ ತಾವ ಕೂತ್ಕೊ. ಅವನ್ ಒಳ್ಗೇನೈತೆ ನೋಡ್ಕಂಬಾ. ನೀನ್ ಊ ಅಂದ್ರೆ ಊ, ಊಊಂ ಅಂದ್ರೆ ಊಊಂ.”

ಒಳಗೇನಿದೆ ನೋಡಿಕೊಂಡು ಬಾ. ಹಾಸ್ಟೆಲಿನ ಜಗಲಿಯ ಆಟ ಇಲ್ಲಿ ನನ್ನ ಕೊರಳಿಗೆ ಬಿದ್ದಿತ್ತು.

ಹುಣಸೆಮರದ ಹತ್ತಿರ ಹೋಗುವ ಮೊದಲೇ ಜನ ತಮ್ಮ ತಮ್ಮ ಊಹೆಗಳನ್ನು ಹೇಳಿದರು. ಯುದ್ಧದಲ್ಲಿ ಗಾಯಗೊಂಡವರಿಗೆ ರಕ್ತ ಬೇಕಾಗಿದೆ, ಸೂಜಿ ನೆಪ ಎಂದು ಒಬ್ಬ. ಗಂಡಸರು ಗಂಡಸರಾಗಿ ಉಳಿಯುವುದಿಲ್ಲ ಎಂದು ಇನ್ನೊಬ್ಬ. ನಮ್ಮ ದೊಡ್ಡಪ್ಪ, ಊರಿಗೆಲ್ಲ ಹಾಸ್ಯಗಾರ, ನನ್ನನ್ನು ಕಂಡದ್ದೇ ತಡ, “ಬಾರ್ಲಾ ಇಂಗ್ಲೀಸು,” ಎಂದು ಕರೆದು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದ: “ಇಲಿ ಬುಟ್ಟೋರೂ ಅವ್ರೇಯ, ಮದ್ದು ತಂದೋರೂ ಅವ್ರೇಯ. ಬರ್ಕೊ ಬೇಕಾದ್ರೆ.”

ಅಕ್ಷರ ತಿಳಿಯದ, ಹಾಸನ ಬಿಟ್ಟು ಆಚೆ ಹೋಗದ ದೊಡ್ಡಪ್ಪನಿಗೂ, ಚನ್ನರಾಯಪಟ್ಟಣದ ಕೊಬ್ಬರಿ ಮನೆಯ ಹುಡುಗನಿಗೂ ಅದೇ ಮಾತು ಹೊಳೆದದ್ದು ಹೇಗೆ?

ಡಾಕ್ಟರು ಮಧ್ಯವಯಸ್ಸಿನವರು. ಬೋಳುತಲೆಯಲ್ಲ, ಇಷ್ಟಿಷ್ಟು ಕೂದಲಿತ್ತು. ಆದರೆ ಬಿಸಿಲಿಗೆ ಹಾಕಿಕೊಂಡಿದ್ದ ಕನ್ನಡಕ ದುಂಡಗಿತ್ತು, ಕಪ್ಪಗಿತ್ತು. ಮೇಜಿನ ಮೇಲೆ ಸ್ಪಿರಿಟ್ಟಿನ ದೀಪ, ಅದರ ಮೇಲೆ ಕುದಿಯುವ ನೀರಲ್ಲಿ ಸೂಜಿ, ಪಕ್ಕದಲ್ಲಿ ಮಡ್ಡಿಯಾದ ನೀರು ತುಂಬಿದ ಬುಡ್ಡಿಗಳು. ಯಾರು ಮುಂದೆ ಬಂದರೂ ತೋಳು ಹಿಡಿದು ಒಂದೇ ಮಾತು: “ಏನೂ ಆಗಲ್ಲ.” ಚುಚ್ಚುವುದು. ಮುಂದಿನವನು. “ಏನೂ ಆಗಲ್ಲ.”

ಬಂದವರೂ ಕೆಲವೇ ಜನ. ಉಳಿದವರು ದೂರ ನಿಂತು ನೋಡುತ್ತಿದ್ದರು. ಆಗ ದೊಡ್ಡಪ್ಪ ಎದ್ದು, ಹೆಂಗಸರ ಕಡೆ ಒಂದು ನೋಟ ಹಾಯಿಸಿ, ಅಂಗಿಯ ತೋಳು ಮಡಿಸುತ್ತ ಹೋದ. “ನನ್ ರಕ್ತ ಜರ್ಮನಿಯೋನ್ಗೆ ಕೊಡ್ತೀಯೇನಪ್ಪಾ? ಕೊಡು ಕೊಡು. ನಾಳೀಕೆ ಅವ್ನೂ ಮುದ್ದೆ ಕೇಳ್ತಾನೆ, ಆವಾಗ್ ಗೊತ್ತಾಯ್ತದೆ.” ಎಲ್ಲರೂ ನಕ್ಕರು. ಡಾಕ್ಟರೂ ನಕ್ಕರು. ನಕ್ಕು, “ಏನೂ ಆಗಲ್ಲ,” ಅಂದರು.

ನಾನು ಅವರ ತಲೆಯ ಮೇಲೆ ನೋಡುತ್ತ ನಿಂತೆ. ಹುಣಸೆಕೊಂಬೆ ಬಿಟ್ಟರೆ ಅಲ್ಲೇನೂ ಇರಲಿಲ್ಲ.

ಸಾಲು ಮುಗಿದು ಅವರು ಕೈ ತೊಳೆಯುವಾಗ ಹತ್ತಿರ ಹೋದೆ. ಇಂಗ್ಲಿಷಿನಲ್ಲಿ ಕೇಳಬೇಕೆಂದು ವಾಕ್ಯ ಕಟ್ಟಿಕೊಂಡಿದ್ದೆ. ಬಾಯಿಗೆ ಬಂದದ್ದು ಕನ್ನಡವೇ. “ಸಾ, ನಮ್ಮಕ್ಕ ಬಸ್ರಿ. ಏಳು ತುಂಬೈತೆ. ಏನೂ ಆಗಲ್ಲ ಅಂತೀರಲ್ಲ, ನಿಜವಾಗ್ಲೂ ಏನೂ ಆಗಲ್ವಾ?”

ಅವರು ಕನ್ನಡಕ ತೆಗೆದರು. ಕಣ್ಣು ಕೆಂಪಗಿದ್ದವು, ಎಷ್ಟು ಊರು ಸುತ್ತಿ ಬಂದಿದ್ದರೋ.

“ಓದ್ತಿದ್ದೀಯಾ?”

“ಹೈಸ್ಕೂಲು, ಸಾ.”

“ಹಾಗಾದ್ರೆ ನಿನಗೆ ಹೇಳ್ತೀನಿ. ಜ್ವರ ಬರುತ್ತೆ, ಜೋರಾಗೇ ಬರುತ್ತೆ. ತೋಳು ಊದುತ್ತೆ. ಬಸುರಿಯಾದ್ರೆ ಇನ್ನೂ ಕಷ್ಟ, ಬಸಿರು ನಿಲ್ಲುತ್ತೆ ಅಂತ ನಾನು ಹೇಳಲಾರೆ. ರೋಗ ಈಗಾಗ್ಲೇ ಒಳಗೆ ಹೋಗಿದ್ರೆ ಈ ಮದ್ದು ಕೆಲಸಕ್ಕೆ ಬರಲ್ಲ. ಹೋಗಿಲ್ಲ ಅಂದ್ರೆ ಉಳಿಯೋ ಸಂಭವ ಹೆಚ್ಚು. ಹಾಕಿಸದೆ ರೋಗ ಬಂತೋ, ಎರಡು ಜೀವಾನೂ ಇಲ್ಲ.”

“ಮತ್ತೆ ಜನಕ್ಕೆ ಏನೂ ಆಗಲ್ಲ ಅಂತೀರಲ್ಲ, ಸಾ?”

“ಇವರಿಗೆ ನಿಜ ಗೊತ್ತಾದರೆ,” ಅಂದರು ಅವರು ಕೈ ಒರೆಸಿಕೊಳ್ಳುತ್ತ, “ಒಬ್ಬರೂ ಕೈ ನೀಡಲ್ಲ.”

ಇವರಿಗೆ ನಿಜ ಗೊತ್ತಾದರೆ. ಹರಿದುಹೋದ ಆ ಗುಳ್ಳೆಯ ಉಳಿದರ್ಧವನ್ನು ನಾನು ಕೇಳಿಬಿಟ್ಟಿದ್ದೆ, ಅದೂ ಕನ್ನಡದಲ್ಲಿ, ಹುಣಸೆಮರದ ಕೆಳಗೆ, ಹಗಲು ಬೆಳಕಿನಲ್ಲಿ. ಆದರೂ ಚಿತ್ರದವನಿಗೂ ಇವರಿಗೂ ಒಂದು ವ್ಯತ್ಯಾಸವಿತ್ತು. ಮೋಡದೊಳಗಿನದನ್ನು ಇವರು ಬಾಯಿಬಿಟ್ಟು ಹೇಳಿದ್ದರು. ಒಬ್ಬನಿಗಾದರೂ ಹೇಳಿದ್ದರು. ಅಷ್ಟನ್ನೇ ಹಿಡಿದುಕೊಂಡು ನಾನು ಗುಡ್ಲಿನ ಕಡೆ ನಡೆದೆ.

ಅಪ್ಪ ಏನೂ ಕೇಳಲಿಲ್ಲ, ಮುಖ ನೋಡಿದ. “ಆಕಿಸ್ಬೋದು,” ಅಂದೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಕೇಳಿದವಳು ಅಕ್ಕ.

“ಏನೂ ಆಗಲ್ವೇನ್ಲಾ?”

“ಏನೂ ಆಗಲ್ಲ ಕಣಕ್ಕಾ.”

ಆ ಮಾತು ನನ್ನ ಬಾಯಿಂದ ಬಾಲ ಬಿಟ್ಟುಕೊಂಡು ಹೊರಟದ್ದು ನನಗೆ ಕಂಡಿತು. ತಲೆಯ ಮೇಲೆ ಇನ್ನೊಂದು ಕೂತದ್ದೂ ಗೊತ್ತಾಯಿತು. ತಲೆ ಎತ್ತಲಿಲ್ಲ. ಅಕ್ಕ ಎದ್ದು, ಸೊಂಟಕ್ಕೆ ಕೈಕೊಟ್ಟುಕೊಂಡು, ನಿಧಾನವಾಗಿ ಮರದ ಕಡೆ ನಡೆದಳು. ಯಾರೂ ಕೈ ಹಿಡಿಯಲಿಲ್ಲ, ಯಾರೂ ದಾರಿ ತೋರಿಸಲಿಲ್ಲ. ಆ ನಡಿಗೆ ನಾನು ಮೊದಲೇ ನೋಡಿದ್ದ ನಡಿಗೆ. ಅವಳ ಕಣ್ಣು ನೋಡಲು ನನಗೆ ಧೈರ್ಯ ಬರಲಿಲ್ಲ.

ಸಂಜೆಗೆ ಜ್ವರ ಬಂತು. ಬೆಳಗಾಗುವುದರೊಳಗೆ ತೋಳು ಬಾಳೆದಿಂಡಿನ ಹಾಗೆ ಊದಿತು. ಮಾರನೆಯ ದಿನ ಮಧ್ಯಾಹ್ನ ದೊಡ್ಡಪ್ಪನ ಗುಡ್ಲಿನಿಂದ ದೊಡ್ಡಮ್ಮನ ಕೂಗು ಕೇಳಿಸಿತು. ದೊಡ್ಡಪ್ಪನ ತೊಡೆಸಂದಿಯಲ್ಲಿ ಗಡ್ಡೆ ಎದ್ದಿತ್ತು. ರೋಗ ಮೊದಲೇ ಒಳಗೆ ಹೋಗಿತ್ತು ಅನ್ನುವುದು ನನಗೆ ಗೊತ್ತಿತ್ತು, ಡಾಕ್ಟರು ಹೇಳಿದ್ದರು. ಅದನ್ನು ಯಾರ ಮುಂದೆ ಹೇಳುವುದು? ನಗಿಸಿ ಸೂಜಿ ಹಾಕಿಸಿಕೊಂಡವನು ಮಾರನೆಯ ರಾತ್ರಿಯೇ ಹೋಗಿಬಿಟ್ಟ. ಜನಕ್ಕೆ ಕಂಡದ್ದು ಅಷ್ಟೇ.

ಡಾಕ್ಟರು ಆಗಲೇ ಮುಂದಿನ ಊರಿಗೆ ಹೋಗಿದ್ದರು. ಉಳಿದಿದ್ದವನು ನಾನು. ಹೊಲದ ಬದುವಿನ ಮೇಲೆ ನಡೆದರೆ ಮಾತು ನಿಲ್ಲುತ್ತಿತ್ತು. ದೊಡ್ಡಮ್ಮ ನನ್ನನ್ನು ಕಂಡು, “ಬಂದಾ ನೋಡ್ರವ್ವಾ ಇಂಗ್ಲೀಸು. ಒಡುಟ್ದೋಳ್ಗೇ ಚುಚ್ಚಿಸ್ದ. ನಾಳೀಕೆ ಅವಳ್ನೂ ಮಣ್ಣು ಮಾಡಿಸ್ತಾನೆ,” ಎಂದು ನೆಲಕ್ಕೆ ಕೈ ಬಡಿದಳು. ಗಂಡ ಸತ್ತವಳ ಮಾತು.

ಗುಡ್ಲಿನೊಳಗೆ ಅಕ್ಕ ತಡಿಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮೈ ಮುಟ್ಟಿದರೆ ಸುಡುತ್ತಿತ್ತು. ಅವ್ವ ಅವಳ ಕಂಕುಳು, ತೊಡೆಸಂದಿ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು, ಗಡ್ಡೆ ಎದ್ದಿದೆಯೋ ಎಂದು. ಒಂದು ಹೊತ್ತಿನಲ್ಲಿ ಅಕ್ಕ, “ಅವ್ವಾ, ಮಗ ಅಲ್ಲಾಡ್ತಾ ಇಲ್ಲ,” ಅಂದಳು. ಅವ್ವ ಹೊರಗೆ ಬಂದು ನನ್ನನ್ನು ದಾಟಿಕೊಂಡು ಹೋಗಿ ಅಪ್ಪನ ಹತ್ತಿರ ನಿಂತಳು. ಅಪ್ಪ ಒಂದು ಸೌದೆ ಸೀಳುತ್ತಿದ್ದವನು ಮಚ್ಚು ಕೆಳಗಿಟ್ಟ. ನನ್ನ ಕಡೆ ನೋಡಲಿಲ್ಲ. ನೋಡಿ ಎರಡು ಮಾತು ಬೈದಿದ್ದರೆ ಚೆನ್ನಾಗಿತ್ತು.

ನಾನು ಚೀಲದಿಂದ ಚಿತ್ರಕಥೆ ತೆಗೆದು ಆ ಕಡೆಯ ಪುಟ ನೋಡುತ್ತ ಕೂತೆ. ಹಾಸ್ಟೆಲಿನಲ್ಲಿ ನಾವು ನಾಲ್ವರೂ ಡಾಕ್ಟ್ರ ಮೋಡವನ್ನೇ ನೋಡಿದ್ದೆವು. ಆ ಹುಡುಗಿಯ ತಲೆಯ ಮೇಲೆ ಏನಿದೆ ಎಂದು ಯಾರೂ ನೋಡಿರಲಿಲ್ಲ. ಅಲ್ಲಿ ಏನೂ ಇರಲಿಲ್ಲ. ಬರೀ ಹಳದಿ ಬಣ್ಣ. ಬರೆದವನಿಗೆ ಅವಳ ಮನಸ್ಸಿಗೊಂದು ಮೋಡ ಹಾಕುವುದು ಬೇಕೆನ್ನಿಸಿರಲಿಲ್ಲ.

ಜ್ವರ ಬಿಟ್ಟದ್ದು ಮೂರನೆಯ ದಿನ ಹೊತ್ತೇರಿದ ಮೇಲೆ. ಅಕ್ಕನ ಸೀರೆಯೆಲ್ಲ ಬೆವರಿಗೆ ತೊಯ್ದಿತ್ತು. ಹುಳಿ ಬೇಕು ಅಂದಳು. ಅವ್ವ ಉಪ್ಪಿನಕಾಯಿಗೆ ತಡಕಾಡುವಷ್ಟರಲ್ಲಿ ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ, “ಒದೀತು,” ಅಂದಳು. ಅಪ್ಪ ಮಚ್ಚು ಎತ್ತಿಕೊಂಡು ಉಳಿದ ಸೌದೆ ಸೀಳಿದ.

ನಮ್ಮ ಗುಡ್ಲುಗಳ ಸಾಲಿನಲ್ಲಿ ಆ ಸಲ ಹೋದವರಲ್ಲಿ ಸೂಜಿ ಹಾಕಿಸಿಕೊಂಡವರೂ ಇದ್ದರು, ಹಾಕಿಸದವರೂ ಇದ್ದರು. ಹಾಕಿಸದವರು ಹೆಚ್ಚು. ಆದರೆ ದೊಡ್ಡಪ್ಪನ ಸಾವು ಒಂದೇ ಅವರೆಲ್ಲರಿಗಿಂತ ದೊಡ್ಡ ದನಿಯಲ್ಲಿ ಮಾತಾಡುತ್ತಿತ್ತು. ಡಾಕ್ಟರು ಯಾಕೆ ಬಂದರು ಅನ್ನುವುದಕ್ಕೆ ನಮ್ಮೂರಲ್ಲಿ ಇವತ್ತಿಗೂ ಒಂದೊಂದು ಮನೆಯಲ್ಲಿ ಒಂದೊಂದು ಕಥೆ.

ನಾನು ಹಾಸ್ಟೆಲಿಗೆ ಹಿಂತಿರುಗಿದಾಗ ವಾರ್ಡನ್ನು ನನ್ನ ಬಟ್ಟೆಚೀಲವನ್ನು ಗೇಟಿನ ಹೊರಗೇ ಸುಡಿಸಿದರು. ಒಳಗಿದ್ದ ಚಿತ್ರಕಥೆಯೂ ಹೋಯಿತು. ಹಸಿರು ನಕ್ಷತ್ರದ ಪುಟ ಉಳಿದವಕ್ಕಿಂತ ನಿಧಾನವಾಗಿ ಉರಿಯಿತು. ನಾಲ್ವರೂ ನೋಡುತ್ತ ನಿಂತಿದ್ದೆವು. ಹೊಳೆನರಸೀಪುರದವನು ಮೆಲ್ಲಗೆ ಕೇಳಿದ: “ಈಗ್ಲಾದ್ರೂ ಯೋಳ್ಲಾ ಕಟ್ಟಾಯ. ಒಳ್ಳೇವ್ನೋ ಕೆಟ್ಟೋನೋ?” ನಾನು ಅಕ್ಕನ ವಿಷಯ ಹೇಳಿದೆ. ಅದು ಅವನು ಕೇಳಿದ್ದಕ್ಕೆ ಉತ್ತರವಲ್ಲ ಎಂದು ಚನ್ನರಾಯಪಟ್ಟಣದವನು ತಕರಾರು ತೆಗೆದ.

ಅಕ್ಕ ಆ ಗುಡ್ಲಿನಲ್ಲೇ ಹೆತ್ತಳು, ಹೆಣ್ಣು. ಬಾಣಂತನ ಮುಗಿದು ಗಂಡನ ಮನೆಗೆ ಹೊರಟ ದಿನ ನಾನೂ ರಜೆಗೆ ಊರಲ್ಲಿದ್ದೆ. ಗಾಡಿ ಕಟ್ಟುವಷ್ಟರಲ್ಲಿ ಅವಳೊಬ್ಬಳೇ ಸಿಕ್ಕಳು. ಮನಸ್ಸಿನಲ್ಲಿಟ್ಟುಕೊಂಡು ತಿರುಗುವುದು ನನಗೆ ಸಾಕಾಗಿತ್ತು. ಡಾಕ್ಟರು ನನಗೆ ಹೇಳಿದ್ದನ್ನೆಲ್ಲ ಹೇಳಿದೆ: ಜ್ವರ, ಬಸಿರು ನಿಲ್ಲುತ್ತದೋ ಇಲ್ಲವೋ ಅಂದದ್ದು, ಎಲ್ಲ. ಅಂದು ಹಾಗೆ ಹೇಳಿದ್ದಕ್ಕೆ ಪಶ್ಚಾತ್ತಾಪವೇನಿಲ್ಲ, ಮತ್ತೆ ಕೇಳಿದರೆ ಮತ್ತೆ ಅದೇ ಹೇಳುತ್ತೇನೆ ಎಂದೂ ಸೇರಿಸಿದೆ.

ಅಕ್ಕ ಮಗುವಿನ ತಲೆಗೆ ಕುಲಾವಿ ಕಟ್ಟುತ್ತಿದ್ದಳು.

“ಗೊತ್ತಿತ್ತು ಕಣ್ಲಾ.”

“ಏನ್ ಗೊತ್ತಿತ್ತು?”

“ಏನೂ ಆಗಲ್ಲ ಅನ್ನೋವಾಗ ನಿನ್ ಮೊಕ ನೀನ್ ನೋಡ್ಕಂಡಿದ್ಯಾ? ಸುಣ್ಣದಂಗಾಗಿತ್ತು.”

“ಗೊತ್ತಿದ್ದೂ ಕೈ ನೀಡ್ದ್ಯಾ?”

“ಇಲಿ ಬಿದ್ದಿದ್ದು ನನ್ ದಿಂಬಿನ್ ತಾವ. ಸಾವು ಎಷ್ಟು ಅತ್ರ ಇತ್ತು ಅಂತ ನಿಂಗಾ ಗೊತ್ತಿದ್ದಿದ್ದು, ನಂಗಾ?” ಅಂದಳು. “ಮಗೀನ ಇಡ್ಕೊ, ಗಾಡಿ ಅತ್ಬೇಕು.”

ಎತ್ತಿಕೊಂಡೆ. ಅವಳು ಹತ್ತಿ ಕೂತು, ಮಗುವಿಗಾಗಿ ಕೈ ಚಾಚಿದಳು. ಊದಿ ಇಳಿದು ಒಣಗಿದ್ದ ಸೂಜಿಯ ಗುರುತು ಆ ತೋಳಿನ ಮೇಲೆ ಇನ್ನೂ ಕಾಣುತ್ತಿತ್ತು.